ಬೆಟ್ಟದ ಮೇಲೆ ಉಂಗುರ ಕೊಡುವ ಮುಂಚೆ

ಪ್ರಶ್ನೆ: ನನಗೆ 25 ವರ್ಷ, ಅವಳಿಗೆ 24. ನಾವು ಪ್ರೀತಿಸಲು ಶುರುಮಾಡಿ ಎರಡು ವರ್ಷ ಆಯಿತು. ಮುಂದಿನ ತಿಂಗಳು ಹತ್ತು ದಿನ ಇಬ್ಬರೇ ಪ್ರವಾಸ ಹೋಗುತ್ತಿದ್ದೇವೆ. ಕೊನೆಯ ದಿನ ಬೆಟ್ಟ ಹತ್ತಿ, ಸೂರ್ಯ ಹುಟ್ಟುವ ಹೊತ್ತಿಗೆ ಉಂಗುರ ಕೊಟ್ಟು ‘ಮದುವೆ ಆಗೋಣವಾ’ ಅಂತ ಕೇಳಬೇಕು ಅಂದುಕೊಂಡಿದ್ದೇನೆ. ಅವಳಿಗೆ ಇದೇನೂ ಗೊತ್ತಿಲ್ಲ. ಮದುವೆಯ ಮಾತು ನಮ್ಮಿಬ್ಬರ ನಡುವೆ ಇನ್ನೂ ಬಂದಿಲ್ಲ. ಮರೆಯಲ್ಲಿ ನಿಂತು ಫೋಟೋ ತೆಗೆಯಲು ಒಬ್ಬ ಫೋಟೋಗ್ರಾಫರ್‌ಗೂ ಹೇಳಿಟ್ಟಿದ್ದೇನೆ. ಆದರೆ ಒಂದು ಅಳುಕು. ಆರು ತಿಂಗಳ ಹಿಂದೆ ಮೂರು ದಿನ ಹೊರಗೆ ಹೋಗಿದ್ದಾಗ ಕೊನೆಯ ಬಸ್ಸು ತಪ್ಪಿಹೋಗಿ ದೊಡ್ಡ ಜಗಳ ಆಯಿತು. ಬಸ್ ನಿಲ್ದಾಣದಲ್ಲಿ ಎರಡು ಗಂಟೆ ಅವಳು ಮಾತಾಡಲಿಲ್ಲ. ಕೊನೆಗೆ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಡೆ ಚಾಚಿದಳು, ಹಾಡು ಕೇಳುತ್ತಾ ಕೂತೆವು, ಅಷ್ಟೆ. ಆ ವಿಷಯ ಮತ್ತೆ ಎತ್ತಿಲ್ಲ. ಹೀಗೆ ಜಗಳ ಆಡುವವರು ಮದುವೆ ಆಗಬಹುದಾ? ಈ ಪ್ರವಾಸದಲ್ಲೇ ಕೇಳುವುದು ಸರಿಯಾ? ಉಂಗುರಕ್ಕೆ ಎಷ್ಟು ಖರ್ಚು ಮಾಡಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ನನ್ನ ಕಣ್ಣು ಹೋಗಿ ನಿಂತಿದ್ದು ಇಯರ್‌ಫೋನಿನ ಆ ಒಂದು ತುದಿಯ ಹತ್ತಿರ. ನೀವು ಅದನ್ನು ‘ಅಷ್ಟೆ’ ಅಂತ ಹೇಳಿ ದಾಟಿಬಿಟ್ಟಿದ್ದೀರಿ. ಹದಿನೆಂಟು ವರ್ಷದಿಂದ ಜೋಡಿಗಳ ಮಾತು ಕೇಳುವುದೇ ನನ್ನ ಕೆಲಸ. ನಿಮ್ಮ ಪ್ರಶ್ನೆಗಳಿಗೆ ಉತ್ತರ ಆ ಬಸ್ ನಿಲ್ದಾಣದಿಂದಲೇ ಶುರುವಾಗಬೇಕು ಅನ್ನಿಸಿತು.

ಆ ರಾತ್ರಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಅವಳ ಸಿಟ್ಟು ಪೂರ್ತಿ ಇಳಿದಿರಲಿಕ್ಕಿಲ್ಲ. ಮಾತಾಡುವಷ್ಟು ಮನಸ್ಸೂ ಬಂದಿರಲಿಕ್ಕಿಲ್ಲ. ಆದರೂ ಕೈ ಚಾಚಿದಳು. ನೀವು ಮುಖ ತಿರುಗಿಸಲಿಲ್ಲ, ‘ಈಗ ನೆನಪಾಯ್ತಾ ನಾನು’ ಅಂತ ಚುಚ್ಚಲೂ ಇಲ್ಲ. ತೆಗೆದುಕೊಂಡು ಕಿವಿಗೆ ಇಟ್ಟುಕೊಂಡಿರಿ. ನನ್ನ ಎದುರು ಬಂದು ಕೂರುವ ಎಷ್ಟೋ ಜೋಡಿಗಳಿಗೆ ಈ ಎರಡು ಕೆಲಸ ಕಲಿಯಲು ತಿಂಗಳುಗಳೇ ಬೇಕಾಗುತ್ತವೆ. ಒಬ್ಬರು ಚಾಚುತ್ತಾರೆ, ಇನ್ನೊಬ್ಬರಿಗೆ ಅದು ಕಾಣಿಸುವುದೇ ಇಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಇಂಥ ಸಣ್ಣ ಕ್ಷಣಗಳನ್ನೇ ವರ್ಷಗಟ್ಟಲೆ ನೋಡುತ್ತಾ ಕೂತವರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮನೆಯಂತೆಯೇ ಕಾಣುವ ಒಂದು ಜಾಗ ಮಾಡಿ, ಹೊಸದಾಗಿ ಮದುವೆಯಾದವರು ಅಲ್ಲಿ ಹೇಗೆ ಇರುತ್ತಾರೆ ಅಂತ ಗಮನಿಸಿದರು. ಕಿಟಕಿ ಹತ್ತಿರ ನಿಂತವರು ‘ಆ ದೋಣಿ ನೋಡು’ ಅಂದಾಗ ಇನ್ನೊಬ್ಬರು ತಲೆ ಎತ್ತಿ ನೋಡುತ್ತಾರಾ, ಇಲ್ಲವಾ? ಇಷ್ಟೇ ಸಣ್ಣ ವಿಷಯ. ಆರು ವರ್ಷ ಆದ ಮೇಲೆ ಲೆಕ್ಕ ಹಾಕಿದರೆ, ಜೊತೆಗೇ ಉಳಿದವರು ಅಂಥ 100 ಕರೆಗಳಲ್ಲಿ 86ಕ್ಕೆ ಓಗೊಟ್ಟಿದ್ದರು. ಬೇರೆಯಾದವರು 33ಕ್ಕೆ. ಉಳಿದವರು ಜಗಳವೇ ಆಡದವರು ಅಂದುಕೊಳ್ಳಬೇಡಿ. ಗಂಡ ಹೆಂಡತಿಯ ನಡುವಿನ ತಕರಾರುಗಳಲ್ಲಿ 100ಕ್ಕೆ ಸುಮಾರು 69 ಎಂದೂ ಪೂರ್ತಿ ಬಗೆಹರಿಯುವುದಿಲ್ಲ ಅನ್ನುವುದೂ ಗಾಟ್‌ಮನ್ ಅವರು ಕಂಡುಕೊಂಡ ವಿಷಯವೇ. ಚೆನ್ನಾಗಿ ಬಾಳುವವರೂ ಅದೇ ಹಳೆಯ ಜಗಳವನ್ನು ಮತ್ತೆ ಮತ್ತೆ ಆಡುತ್ತಾರೆ, ಮತ್ತೆ ಮತ್ತೆ ಹತ್ತಿರ ಬರುತ್ತಾರೆ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಬಸ್ಸು ತಪ್ಪಿದ್ದಕ್ಕೆ ಜಗಳ ಆಡಿದವರು ಧಾರಾಳವಾಗಿ ಮದುವೆ ಆಗಬಹುದು.

ನನಗೆ ಚಿಂತೆ ಅನ್ನಿಸಿದ್ದು ಬೇರೆ ಸಾಲು. ‘ಆ ವಿಷಯ ಮತ್ತೆ ಎತ್ತಿಲ್ಲ.’ ಆರು ತಿಂಗಳು! ಹಾಡು ಇಬ್ಬರನ್ನೂ ಸಮಾಧಾನ ಮಾಡಿತು, ನಿಜ. ಆದರೆ ಆ ಜಗಳದಲ್ಲಿ ಏನೋ ಒಂದು ಹೇಳದೆ ಉಳಿದಿದೆ. ಕಾಲ ಕಳೆದಂತೆ ಮರೆತುಹೋಗುತ್ತದೆ ಅಂತ ಬಿಟ್ಟದ್ದು ಮರೆತುಹೋಗುವುದಿಲ್ಲ. ಮುಂದಿನ ಬಸ್ಸು ತಪ್ಪಿದಾಗ ಮತ್ತೆ ಎದ್ದು ಬರುತ್ತದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಮದುವೆಗೆ ಮುಂಚೆ ನಾನೂ ನನ್ನ ಗಂಡನೂ ಮೊದಲ ಸಲ ದೂರ ಹೋದಾಗ ಮಳೆಯಲ್ಲಿ ದಾರಿ ತಪ್ಪಿದೆವು. ಕತ್ತಲಾಗುತ್ತಿತ್ತು. ಅವರು ಒಂದೂ ಮಾತಾಡದೆ ಸರಸರ ಮುಂದೆ ನಡೆಯುತ್ತಿದ್ದರು. ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಹೆಜ್ಜೆ ಇಡಲಾಗದೆ ಕುಂಟುತ್ತಿದ್ದೆ. ಈ ಮನುಷ್ಯನಿಗೆ ನಾನು ಬೇಡವಾದೆ, ಅದಕ್ಕೇ ತಿರುಗಿಯೂ ನೋಡುತ್ತಿಲ್ಲ ಅಂದುಕೊಂಡು ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಅವರು ವಾಪಸ್ ಬಂದರು. ನನ್ನ ಶೂ ಬಿಚ್ಚಿಸಿ, ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಹಿಮ್ಮಡಿಯ ಹತ್ತಿರ ಇಟ್ಟು, ಮತ್ತೆ ಲೇಸ್ ಕಟ್ಟಿದರು. ಕಟ್ಟುತ್ತಾ ತಲೆ ಎತ್ತದೆ ಹೇಳಿದರು: ‘ನಂಗೆ ಹೆದರಿಕೆ ಆದ್ರೆ ಜೋರಾಗಿ ನಡೀತೀನಿ.’

ನಾನು ತಿರಸ್ಕಾರ ಅಂದುಕೊಂಡಿದ್ದು ಹೆದರಿಕೆಯಾಗಿತ್ತು. ಅವರು ಆ ಒಂದು ಮಾತು ಹೇಳದೇ ಇದ್ದಿದ್ದರೆ ನನಗೆ ಅದು ಎಂದೂ ಗೊತ್ತಾಗುತ್ತಿರಲಿಲ್ಲ. ಇವತ್ತಿಗೂ ಮನೆಯಲ್ಲಿ ಅವರ ಹೆಜ್ಜೆ ಜೋರಾದರೆ ನಾನು ಹೋಗಿ ‘ಏನಾಯ್ತು’ ಅಂತ ಕೇಳುತ್ತೇನೆ.

ನಿಮ್ಮ ಆ ಎರಡು ಗಂಟೆಯ ಹಿಂದೆಯೂ ಇಂಥದ್ದೇನೋ ಇದೆ. ಅವಳಿಗೆ ಕತ್ತಲಾದ ಮೇಲೆ ಗೊತ್ತಿಲ್ಲದ ಊರಲ್ಲಿ ಇರಲು ಭಯವೋ? ಸಮಯಕ್ಕೆ ಮುಂಚೆ ತಲುಪಿದರೆ ಮಾತ್ರ ನೆಮ್ಮದಿ ಅನ್ನುವ ಸ್ವಭಾವವೋ? ನಿಮಗೆ ಪ್ರವಾಸ ಅಂದರೆ ಗಡಿಯಾರ ನೋಡದೆ ಇರುವುದೋ? ‘ಎಲ್ಲಾ ನಾನೇ ನೋಡ್ಕೋಬೇಕು’ ಅನ್ನುವ ಬೇಸರ ಇಬ್ಬರಲ್ಲಿ ಯಾರಿಗಿತ್ತು? ಮನೆಯಿಂದ ಹೊರಗೆ ಹೋದಾಗ ಇವೆಲ್ಲ ಬೇಗ ಹೊರಗೆ ಬರುತ್ತವೆ. ನಿದ್ದೆ ಕಡಿಮೆ, ದುಡ್ಡಿನ ಲೆಕ್ಕ, ಗೊತ್ತಿಲ್ಲದ ದಾರಿ, ಇಬ್ಬರಿಗೂ ಒಂದೇ ಕೋಣೆ. ಊರಲ್ಲಿದ್ದರೆ ಸಿಟ್ಟು ಬಂದಾಗ ಅವರವರ ಮನೆಗೆ ಹೋಗಬಹುದು. ಅಲ್ಲಿ ಹೋಗಲು ಜಾಗ ಇಲ್ಲ. ಅದಕ್ಕೇ ಮದುವೆಯ ಯೋಚನೆಯಲ್ಲಿರುವ ಜೋಡಿಗಳು ಒಮ್ಮೆಯಾದರೂ ಉದ್ದದ ಪ್ರವಾಸ ಹೋಗಿಬರುವುದು ಒಳ್ಳೆಯದು ಅಂತ ನಾನು ಯಾವಾಗಲೂ ಹೇಳುತ್ತೇನೆ. ಹೋದಾಗ ಜಗಳ ಆಯಿತಾ ಅಂತ ನೋಡಬೇಡಿ. ಆದ ಮೇಲೆ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಹೊಸದೇನಾದರೂ ಗೊತ್ತಾಯಿತಾ ಅಂತ ನೋಡಿ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ನಿಮ್ಮ ಪತ್ರದಲ್ಲಿ ಇದರ ಸುಳಿವಿಲ್ಲ, ಆದರೆ ಓದುವವರು ಇನ್ನೂ ಇದ್ದಾರೆ. ಎಲ್ಲರ ಎದುರು ಹೀಯಾಳಿಸುವುದು, ಫೋನ್ ಕಿತ್ತುಕೊಂಡು ನೋಡುವುದು, ಪಾಸ್‌ಪೋರ್ಟ್ ಅಥವಾ ದುಡ್ಡನ್ನು ಕೊಡದೆ ತಮ್ಮ ಹತ್ತಿರವೇ ಇಟ್ಟುಕೊಳ್ಳುವುದು, ‘ಇಲ್ಲೇ ಬಿಟ್ಟು ಹೋಗ್ತೀನಿ’ ಅಂತ ಹೆದರಿಸುವುದು. ಇವು ಜಗಳ ಅಲ್ಲ. ಇಂಥದ್ದು ಒಂದು ಸಲ ನಡೆದರೂ ಉಂಗುರದ ಮಾತು ಅಲ್ಲಿಗೇ ನಿಲ್ಲಬೇಕು. ಪ್ರವಾಸದಲ್ಲಿ ಇಬ್ಬರ ಹತ್ತಿರವೂ ಅವರವರ ದಾಖಲೆ, ಅವರವರ ದುಡ್ಡು, ಒಬ್ಬರೇ ವಾಪಸ್ ಬರುವಷ್ಟು ಅನುಕೂಲ ಇರಲೇಬೇಕು.

ಈಗ ಬೆಟ್ಟದ ವಿಷಯಕ್ಕೆ ಬರೋಣ.

1974ರಲ್ಲಿ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಕೆನಡಾದ ವ್ಯಾಂಕೂವರ್ ಹತ್ತಿರ ಒಂದು ಪ್ರಯೋಗ ಮಾಡಿದರು. ಅಲ್ಲಿ ಕಾಪಿಲಾನೋ ಅನ್ನುವ ತೂಗುಸೇತುವೆ ಇದೆ. ನದಿಯಿಂದ ಸುಮಾರು 70 ಮೀಟರ್ ಮೇಲೆ, ನಡೆದರೆ ಅಲ್ಲಾಡುತ್ತದೆ. ಅದರ ಮೇಲೆ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ, ಸಂಶೋಧನೆಯ ಬಗ್ಗೆ ಏನಾದರೂ ಕೇಳಬೇಕಿದ್ದರೆ ಅಂತ ತನ್ನ ಫೋನ್ ನಂಬರ್ ಕೊಟ್ಟಳು. ಹತ್ತಿರದ ಗಟ್ಟಿ ಸೇತುವೆಯ ಮೇಲೂ ಹಾಗೇ ಮಾಡಿದಳು. ಗಟ್ಟಿ ಸೇತುವೆಯ ಮೇಲೆ ನಂಬರ್ ತೆಗೆದುಕೊಂಡ 16 ಜನರಲ್ಲಿ ಆಮೇಲೆ ಫೋನ್ ಮಾಡಿದ್ದು 2 ಜನ. ತೂಗುಸೇತುವೆಯ ಮೇಲೆ ತೆಗೆದುಕೊಂಡ 18 ಜನರಲ್ಲಿ 9 ಜನ. ಎತ್ತರಕ್ಕೆ ಎದೆ ಹೊಡೆದುಕೊಂಡಿದ್ದನ್ನು ಅವರ ಮನಸ್ಸು ಆಕರ್ಷಣೆ ಅಂತ ಓದಿಕೊಂಡಿತು ಅನ್ನುವುದು ಸಂಶೋಧಕರ ವಿವರಣೆ. ಚಿಕ್ಕ ಪ್ರಯೋಗ, ನಿಜ. ಆದರೆ ಬೆಟ್ಟದ ತುದಿಯಲ್ಲಿ ಎದೆ ಬಡಿಯುತ್ತಾ ನಿಂತವರಿಗೆ ಇದು ಅರ್ಥವಾಗುತ್ತದೆ. ಆ ಚಳಿ, ಆ ಏದುಸಿರು, ಆ ಬೆಳಕು, ಎಲ್ಲಾ ಸೇರಿ ಆ ಕ್ಷಣವನ್ನು ತುಂಬಾ ದೊಡ್ಡದು ಮಾಡುತ್ತವೆ.

ಹಾಗಂತ ಬೆಟ್ಟ ಬೇಡ ಅಂತ ನಾನು ಹೇಳುತ್ತಿಲ್ಲ. ಇದೇ ಆರನ್ ಅವರೂ ಜೊತೆಗಾರರೂ 2000ನೇ ಇಸವಿಯಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನನಗೆ ತುಂಬಾ ಇಷ್ಟ. ಜೋಡಿಯ ಒಂದು ಕಡೆಯ ಕೈಕಾಲುಗಳನ್ನು ಒಟ್ಟಿಗೆ ಕಟ್ಟಿ, ಇಬ್ಬರ ಮೈ ನಡುವೆ ಒಂದು ದಿಂಬು ಇಟ್ಟು, ಅದು ಬೀಳದಂತೆ ಚಾಪೆಯ ಮೇಲೆ ತೆವಳಿಕೊಂಡು ಹೋಗಿ ಅಂದರು. ಬಿದ್ದು ಎದ್ದು ನಕ್ಕು ಹಾಗೆ ಹೋಗಿಬಂದವರಿಗೆ, ಸಪ್ಪೆ ಕೆಲಸ ಮಾಡಿದ ಜೋಡಿಗಳಿಗಿಂತ, ತಮ್ಮ ಸಂಬಂಧದ ಬಗ್ಗೆ ಜಾಸ್ತಿ ಖುಷಿ ಇತ್ತು. ಹೊಸದನ್ನು ಜೊತೆಗೆ ಮಾಡಿದರೆ ಪ್ರೀತಿಗೆ ಬಲ ಬರುತ್ತದೆ. ನಿಮ್ಮ ಪ್ರವಾಸ ಅಂಥದ್ದೇ. ಬೆಟ್ಟ ಹತ್ತಿ, ನೀರಿಗೆ ಇಳಿಯಿರಿ, ದಾರಿ ತಪ್ಪಿ. ಆದರೆ ಮದುವೆಯ ಮಾತನ್ನು ಅವಳು ಮೊಟ್ಟಮೊದಲ ಸಲ ಕೇಳುವ ಜಾಗ ಅದಾಗಬಾರದು.

ಯಾಕೆ ಅಂದರೆ, ನೀವು ಹೇಳಿದ ಹಾಗೆ ನಡೆದರೆ ಏನಾಗುತ್ತದೆ ನೋಡಿ. ರಾತ್ರಿ ಮೂರಕ್ಕೆ ಎದ್ದು ಹತ್ತಿದ್ದಾಳೆ. ನಿದ್ದೆ ಇಲ್ಲ. ಕೈ ಮರಗಟ್ಟಿದೆ. ನೀವು ಮಂಡಿಯೂರಿದ್ದೀರಿ. ಸುತ್ತ ಅಪರಿಚಿತರು ನಿಂತು ನೋಡುತ್ತಿದ್ದಾರೆ. ಮರೆಯಿಂದ ಒಬ್ಬರು ಕ್ಯಾಮೆರಾ ಹಿಡಿದು ಬರುತ್ತಾರೆ. ಅವಳ ಮನಸ್ಸಿನಲ್ಲಿ ‘ಇಷ್ಟ, ಆದರೆ ಇನ್ನೂ ಎರಡು ವರ್ಷ ಬೇಕು’ ಅಂತಿದ್ದರೆ ಅದನ್ನು ಹೇಳಲು ಅಲ್ಲಿ ಜಾಗ ಎಲ್ಲಿದೆ? ‘ಹ್ಞೂಂ’ ಅನ್ನುತ್ತಾಳೆ. ನೀವು ಆ ಹ್ಞೂಂಕಾರವನ್ನು ಜೀವನಪೂರ್ತಿ ನಂಬುತ್ತೀರಿ.

ಡೆನ್ವರ್ ವಿಶ್ವವಿದ್ಯಾಲಯದ ಸ್ಕಾಟ್ ಸ್ಟ್ಯಾನ್ಲಿ, ಗಲೀನಾ ರೋಡ್ಸ್, ಹೊವಾರ್ಡ್ ಮಾರ್ಕ್‌ಮನ್ ಅನ್ನುವವರು 2006ರಲ್ಲಿ ಒಂದು ಒಳ್ಳೆಯ ವ್ಯತ್ಯಾಸ ತೋರಿಸಿಕೊಟ್ಟರು. ಕೆಲವು ಜೋಡಿಗಳು ಮುಂದಿನ ಹಂತಕ್ಕೆ ಜಾರಿಕೊಂಡು ಹೋಗುತ್ತಾರೆ, ಕೆಲವರು ಕೂತು ನಿರ್ಧಾರ ಮಾಡಿ ಹೋಗುತ್ತಾರೆ. ಅವರು ಮುಖ್ಯವಾಗಿ ನೋಡಿದ್ದು ಮದುವೆಗೆ ಮುಂಚೆ ಒಟ್ಟಿಗೆ ವಾಸ ಮಾಡುವವರನ್ನು. ಆದರೆ ನಿಶ್ಚಯಕ್ಕೂ ಇದು ಹೊಂದುತ್ತದೆ. ಟಿಕೆಟ್ ಆಗಿದೆ, ಉಂಗುರ ಬಂದಿದೆ, ಫೋಟೋಗ್ರಾಫರ್‌ಗೆ ಹೇಳಿ ಆಗಿದೆ, ಇನ್ನು ಕೇಳದೆ ಇರುವುದು ಹೇಗೆ? ಇದು ಜಾರುವುದು. ನಿಮ್ಮ ಅಳುಕು ಇದನ್ನೇ ಹೇಳುತ್ತಿದೆ ಅಂತ ನನ್ನ ಅನಿಸಿಕೆ. ಆ ಅಳುಕನ್ನು ಗೌರವಿಸಿ.

ಆದ್ದರಿಂದ ನನ್ನ ಸಲಹೆ ಇಷ್ಟು. ಮದುವೆಯ ಮಾತು ಅವಳಿಗೆ ಆಶ್ಚರ್ಯ ಆಗಬಾರದು. ಯಾವ ದಿನ, ಯಾವ ಜಾಗ ಅನ್ನುವುದು ಮಾತ್ರ ಆಶ್ಚರ್ಯ ಆಗಲಿ. ಹೊರಡುವ ಮುಂಚೆಯೇ, ನಾಲ್ಕೈದು ಸಂಜೆ, ಸುಮ್ನೆ ನಡೆಯುತ್ತಾ ಮಾತಾಡಿ. ‘ಇನ್ನು ಐದು ವರ್ಷಕ್ಕೆ ನಾವಿಬ್ಬರೂ ಹೇಗಿದ್ದರೆ ನಿನಗೆ ಇಷ್ಟ?’ ಅಂತ ಕೇಳಿ ನೀವು ಸುಮ್ಮನಾಗಿ. ಅವಳು ಹೇಳಲಿ. 24, 25 ಅಂದರೆ ಕೆಲಸ ಬದಲಾಗುವ, ಓದು ಮುಂದುವರಿಯುವ, ಊರು ಬಿಟ್ಟು ಹೋಗಬೇಕಾಗಿ ಬರುವ ವಯಸ್ಸು. ಒಬ್ಬರಿಗೆ ದೂರದಲ್ಲಿ ಕೆಲಸ ಸಿಕ್ಕರೆ ಇನ್ನೊಬ್ಬರು ಹೋಗುತ್ತಾರಾ? ಸಾಲ ಎಷ್ಟಿದೆ? ತಂದೆ ತಾಯಿಯ ಜವಾಬ್ದಾರಿ ಯಾರಿಗೆ ಎಷ್ಟು? ಮಕ್ಕಳು ಬೇಕಾ, ಬೇಕಿದ್ದರೆ ಯಾವಾಗ? ಎಲ್ಲದಕ್ಕೂ ಒಂದೇ ಉತ್ತರ ಬರಬೇಕಿಲ್ಲ. ಉತ್ತರ ಬೇರೆಯಾದಾಗ ಇಬ್ಬರೂ ಹೇಗೆ ಮಾತಾಡುತ್ತೀರಿ ಅಂತ ಗಮನಿಸಿ.

ಅವಳು ‘ಇನ್ನೂ ಬೇಡ’ ಅಂದರೆ ಅದನ್ನು ‘ನೀನು ಬೇಡ’ ಅಂತ ಕೇಳಿಸಿಕೊಳ್ಳಬೇಡಿ. ಎರಡಕ್ಕೂ ತುಂಬಾ ದೂರ ಇದೆ. ಎಮರಿ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ಮದುವೆಯಾದ 3,000ಕ್ಕೂ ಜಾಸ್ತಿ ಜನರನ್ನು ಕೇಳಿ 2014ರಲ್ಲಿ ಒಂದು ವರದಿ ಕೊಟ್ಟರು. ಮದುವೆಯ ಮಾತು ಎತ್ತುವ ಮುಂಚೆ ಮೂರು ವರ್ಷ ಅಥವಾ ಜಾಸ್ತಿ ಒಡನಾಡಿದವರಲ್ಲಿ, ಒಂದು ವರ್ಷಕ್ಕಿಂತ ಕಡಿಮೆ ಒಡನಾಡಿದವರಿಗಿಂತ, ವಿಚ್ಛೇದನ ಕಡಿಮೆ ಕಂಡಿತು. ಕಾದರೆ ಮದುವೆ ಉಳಿದೇ ಉಳಿಯುತ್ತದೆ ಅಂತ ಇದರ ಅರ್ಥ ಅಲ್ಲ. ಆದರೆ ಅವಳು ಒಂದು ವರ್ಷ ಕಾಯೋಣ ಅಂದರೆ ನೀವೇನೂ ಕಳೆದುಕೊಳ್ಳುವುದಿಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ.

ಉಂಗುರದ ಖರ್ಚಿಗೂ ಅದೇ ವರದಿಯಲ್ಲಿ ಉತ್ತರ ಇದೆ. ಉಂಗುರಕ್ಕೆ ಜಾಸ್ತಿ ಸುರಿದವರ ಮದುವೆ ಜಾಸ್ತಿ ದಿನ ಬಾಳಿತು ಅನ್ನುವುದಕ್ಕೆ ಅಲ್ಲಿ ಯಾವ ಆಧಾರವೂ ಸಿಗಲಿಲ್ಲ. ಗಂಡಸರ ವಿಷಯದಲ್ಲಂತೂ ತದ್ವಿರುದ್ಧ ಕಂಡಿತು. ‘ವಜ್ರ ಶಾಶ್ವತ’ ಅನ್ನುವ ಮಾತು ವಜ್ರ ಮಾರುವ ಡಿ ಬೀರ್ಸ್ ಕಂಪನಿಗಾಗಿ 1947ರಲ್ಲಿ ಬರೆದ ಜಾಹೀರಾತಿನ ಸಾಲು. ಇಷ್ಟು ತಿಂಗಳ ಸಂಬಳ ಹಾಕಬೇಕು ಅನ್ನುವ ಲೆಕ್ಕವನ್ನು ಜನರ ತಲೆಯಲ್ಲಿ ಕೂರಿಸಿದ್ದೂ ಜಾಹೀರಾತೇ. ಸಾಲ ಮಾಡದೆ, ಉಳಿತಾಯ ಖಾಲಿ ಮಾಡದೆ ಎಷ್ಟು ಆಗುತ್ತದೋ ಅಷ್ಟು. ಅವಳು ದಿನಾ ಕೈ ಬಳಸಿ ಕೆಲಸ ಮಾಡುವವಳಾದರೆ ಎದ್ದು ನಿಲ್ಲುವ ಕಲ್ಲಿಗಿಂತ ಚಪ್ಪಟೆಯಾಗಿ ಕೂರುವ ಉಂಗುರ ಒಳ್ಳೆಯದು. ಅಳತೆಗೆ ಅವಳು ಅದೇ ಬೆರಳಿಗೆ ಹಾಕುವ ಇನ್ನೊಂದು ಉಂಗುರ ಸಿಕ್ಕರೆ ಸಾಕು. ಬಿಸಿಲಿಗೆ, ಉದ್ದದ ವಿಮಾನ ಪ್ರಯಾಣಕ್ಕೆ, ತುಂಬಾ ನಡೆದಾಗ ಬೆರಳು ಊದಿಕೊಳ್ಳುತ್ತದೆ. ಚಳಿಗೆ ಸಣ್ಣದಾಗುತ್ತದೆ. ಅಲ್ಲಿ ಬಿಗಿಯಾದರೆ ಒತ್ತಿ ತೂರಿಸಬೇಡಿ, ಊರಿಗೆ ಬಂದು ಸರಿ ಮಾಡಿಸಬಹುದು. ಪ್ರಯಾಣದಲ್ಲಿ ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ವಿಮಾನದಲ್ಲಿ ಲಗೇಜಿಗೆ ಹಾಕಬೇಡಿ. ತಪಾಸಣೆಯಲ್ಲಿ ಚೀಲ ತೆರೆಯಿಸುತ್ತಾರೆ ಅನ್ನುವ ಭಯ ಇದ್ದರೆ ಅವಳನ್ನು ಮುಂದೆ ಕಳಿಸಿ ನೀವು ಹಿಂದೆ ನಿಲ್ಲಿ. ಕಣಿವೆಯ ಅಂಚಿನಲ್ಲಿ ಮರಗಟ್ಟಿದ ಕೈಯಲ್ಲಿ ಮಾತ್ರ ಡಬ್ಬಿ ತೆರೆಯಬೇಡಿ.

ಫೋಟೋಗ್ರಾಫರ್ ಬಗ್ಗೆ ನೇರವಾಗಿ ಹೇಳುತ್ತೇನೆ, ನನಗೆ ಅದು ಇಷ್ಟ ಆಗಲಿಲ್ಲ. ಹುಟ್ಟುಹಬ್ಬಕ್ಕೆ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿದರೆ ಅವಳು ಅರಳುತ್ತಾಳಾ, ಮುದುಡುತ್ತಾಳಾ? ನಿಮಗೆ ಗೊತ್ತಿರುತ್ತದೆ. ಮುದುಡುವವಳಾದರೆ ಬೇಡವೇ ಬೇಡ. ಅರಳುವವಳಾದರೂ ಮೊದಲು ಇಬ್ಬರೇ ಇರಿ, ಫೋಟೋ ಒಂದು ಗಂಟೆ ಬಿಟ್ಟು ತೆಗೆಸಿಕೊಳ್ಳಬಹುದು.

ದಿನವನ್ನೂ ಬದಲಾಯಿಸಿ. ಕೊನೆಯ ದಿನ ಅಂತ ಇಟ್ಟುಕೊಂಡರೆ ಒಂಬತ್ತು ದಿನ ನೀವು ಅವಳ ಜೊತೆ ಇರುವುದಿಲ್ಲ, ಜೇಬಿನಲ್ಲಿರುವ ಡಬ್ಬಿಯ ಜೊತೆ ಇರುತ್ತೀರಿ. ಆರನೆಯ ದಿನವೋ ಏಳನೆಯ ದಿನವೋ, ಇಬ್ಬರೂ ಚೆನ್ನಾಗಿ ನಿದ್ದೆ ಮಾಡಿ ಎದ್ದ ದಿನ ಒಳ್ಳೆಯದು. ನಿದ್ದೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಾತ್ರಿ ಸರಿಯಾಗಿ ನಿದ್ದೆ ಆಗದಿದ್ದರೆ ಮಾರನೆಯ ದಿನ ಜೋಡಿಗಳ ನಡುವೆ ಜಗಳ ಜಾಸ್ತಿ. ಹತ್ತು ದಿನದಲ್ಲಿ ಒಂದು ಪೂರ್ತಿ ದಿನ ಏನೂ ಇಟ್ಟುಕೊಳ್ಳಬೇಡಿ. ನೆದರ್‌ಲೆಂಡ್ಸ್‌ನಲ್ಲಿ 1,530 ಜನರನ್ನು ಕೇಳಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರವಾಸದ ಖುಷಿ ಜಾಸ್ತಿ ಕಂಡಿದ್ದು ಹೊರಡುವ ಮುಂಚೆ. ಬಂದ ಮೇಲೂ ಒಂದಿಷ್ಟು ಉಳಿದಿದ್ದು ತುಂಬಾ ಆರಾಮಾಗಿ ಕಳೆದವರಿಗೆ ಮಾತ್ರ. ಹಾಗಾಗಿ ಎಲ್ಲಿಗೆ, ಹೇಗೆ ಅನ್ನುವುದನ್ನು ನೀವೊಬ್ಬರೇ ಮಾಡಿ ಮುಗಿಸಬೇಡಿ. ಕೂತು ಜೊತೆಗೆ ಮಾಡಿ. ಬಸ್ಸಿನ ಸಮಯ ಯಾರು ನೋಡುವುದು ಅನ್ನುವುದೂ ಆಗಲೇ ತೀರ್ಮಾನ ಆಗಲಿ.

ಆದರೂ ಎಲ್ಲೋ ಒಂದು ಕಡೆ ಜಗಳ ಆಗುತ್ತದೆ. ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಕೇಳಿಸಿಕೊಳ್ಳುವ ಶಕ್ತಿಯೇ ಕುಗ್ಗುತ್ತದೆ, ಆಗ ಕಡೇಪಕ್ಷ 20 ನಿಮಿಷ ಬಿಡುವು ಬೇಕು ಅನ್ನುವುದೂ ಗಾಟ್‌ಮನ್ ಅವರ ಮಾತು. ‘ಸ್ವಲ್ಪ ಹೊರಗೆ ನಡೆದು ಬರ್ತೀನಿ, ಅರ್ಧ ಗಂಟೆಗೆ ವಾಪಸ್’ ಅಂತ ಹೇಳಿ ಹೋಗಿ. ಹೇಳಿದ ಹೊತ್ತಿಗೆ ಬನ್ನಿ. ಆ ಬಸ್ ನಿಲ್ದಾಣದ ಎರಡು ಗಂಟೆ ಅಷ್ಟು ಭಾರ ಆಗಿದ್ದು, ಅದು ಯಾವಾಗ ಮುಗಿಯುತ್ತದೆ ಅಂತ ಇಬ್ಬರಿಗೂ ಗೊತ್ತಿಲ್ಲದ್ದಕ್ಕೆ. ಅಂಥ ದಿನ ಉಂಗುರ ಹೊರಗೆ ಬರಬಾರದು. ಜಗಳ ಮುಚ್ಚಲು ಕೊಟ್ಟ ಉಂಗುರವನ್ನು ನೋಡಿದಾಗಲೆಲ್ಲ ಆ ಜಗಳ ನೆನಪಾಗುತ್ತದೆ.

ಎಲ್ಲಾ ಮಾತಾಡಿಯೂ ಅವಳು ಅಲ್ಲಿ ‘ಇಲ್ಲ’ ಅಂದರೆ? ‘ಯಾಕೆ’ ಅಂತ ಆಗಲೇ ಕೇಳಬೇಡಿ. ‘ಸರಿ, ಕೇಳಿಸ್ತು. ಆಮೇಲೆ ಮಾತಾಡೋಣ’ ಅಂದು ಡಬ್ಬಿಯನ್ನು ಚೀಲಕ್ಕೆ ಹಾಕಿ, ಜೊತೆಗೇ ಇಳಿದು ಬನ್ನಿ. ನಿಮಗೆ ನೋವಾಗುತ್ತದೆ, ಅಳು ಬಂದರೆ ಅಳಿ. ಆದರೆ ಅವಳು ನಿಜ ಹೇಳಿದ್ದಕ್ಕೆ ಅವಳನ್ನು ಶಿಕ್ಷಿಸಬೇಡಿ.

ಇನ್ನೂ ಒಂದು ತಿಂಗಳು ಇದೆ ಅಲ್ವಾ? ಈ ವಾರವೇ ಒಂದು ಸಂಜೆ ಅವಳ ಜೊತೆ ಕೂತಾಗ ಆ ಬಸ್ ನಿಲ್ದಾಣದ ಮಾತು ಎತ್ತಿ. ‘ಅವತ್ತು ನೀನು ಇಯರ್‌ಫೋನ್ ಕೊಟ್ಟೆಯಲ್ಲ, ಅದಕ್ಕೆ ಮುಂಚೆ ಎರಡು ಗಂಟೆ ಏನು ಯೋಚನೆ ಮಾಡ್ತಿದ್ದೆ? ನಾನು ಯಾವತ್ತೂ ಕೇಳಲೇ ಇಲ್ಲ’ ಅಂತ ಕೇಳಿ. ಅವಳು ಹೇಳಿ ಮುಗಿಸುವವರೆಗೆ ನಿಮ್ಮ ಕಡೆಯ ಸಮರ್ಥನೆ ಬೇಡ. ಆಮೇಲೆ ನಿಮಗೆ ಅವತ್ತು ಏನಾಗಿತ್ತು ಅಂತ ಹೇಳಿ. ಆ ಮಾತು ಮುಗಿದ ಮೇಲೆ ಫೋಟೋಗ್ರಾಫರ್‌ಗೆ ಫೋನ್ ಮಾಡಿದರಾಯಿತು.